ನೇರಪ್ರಸಾರದಲ್ಲಿ ನಮ್ಮ ಮೇಷ್ಟ್ರು

ಎಂಬತ್ತು ಹುಡುಗರ ತರಗತಿಯನ್ನು ಒಂದೇ ಒಂದು ಕೆಮ್ಮಿನಲ್ಲಿ ಗಪ್‌ಚಿಪ್ ಮಾಡಬಲ್ಲ ಮೇಷ್ಟ್ರು, ಲ್ಯಾಪ್‌ಟಾಪಿನ ನೆತ್ತಿಯಲ್ಲಿರುವ ಪುಟಾಣಿ ಕ್ಯಾಮೆರಾದ ಎದುರು ಕೂತು ಬೆವರುವುದನ್ನು ನೋಡಬೇಕೇ? ಹಾಗಾದರೆ ಯಾವುದಾದರೂ ಕಾಲೇಜಿನ ವೆಬಿನಾರಿಗೆ ಹತ್ತು ನಿಮಿಷ ಮುಂಚೆ ಹೋಗಿ ಸೇರಿಕೊಳ್ಳಿ. ಶುರುವಾದ ಮೇಲೆ ಹೋದರೆ ಮಜಾ ಇಲ್ಲ, ಆಗ ಎಲ್ಲರೂ ಕೋಟು ಹಾಕಿಕೊಂಡು ಗಂಭೀರವಾಗಿಬಿಟ್ಟಿರುತ್ತಾರೆ. ಮುಂಚೆ ಹೋದರೆ ‘ಏನೇ, ಆ ಫ್ಯಾನ್ ಆಫ್ ಮಾಡೇ, ಕೂದಲು ಹಾರ್ತಾ ಇದೆ’ ಎಂಬ ಗಂಡುದನಿ ಕೇಳಿಸುತ್ತದೆ. ‘ಇರೋ ನಾಲ್ಕು ಕೂದಲಿಗೆ ಎಷ್ಟು ಸಡಗರ ನೋಡು’ ಎಂಬ ಹೆಣ್ಣುದನಿಯೂ ಹಿಂದೆಯೇ ಬರುತ್ತದೆ. ಮೈಕ್ ಆನ್ ಆಗಿರುವುದು ಮೇಷ್ಟ್ರಿಗೆ ಗೊತ್ತಿಲ್ಲ. ಸೇರಿಕೊಂಡ ಅಷ್ಟೂ ಮಂದಿ ಪ್ರಾಧ್ಯಾಪಕರಿಗೆ ಗೊತ್ತಿದೆ, ಆದರೆ ಒಬ್ಬರೂ ಹೇಳುವುದಿಲ್ಲ. ಉಚಿತವಾಗಿ ಸಿಕ್ಕಿದ ಮನರಂಜನೆಯನ್ನು ಕೆಡಿಸುವಷ್ಟು ಅರಸಿಕರು ನಮ್ಮ ವೃತ್ತಿಯಲ್ಲಿಲ್ಲ.

ಈ ವೆಬಿನಾರಿನ ಚಾಳಿ ನಮಗೆ ಅಂಟಿಕೊಂಡದ್ದು 2020ರ ಮಾರ್ಚ್ 25ರ ಲಾಕ್‌ಡೌನಿನಿಂದ. ಆಮೇಲೆ ಮಾಸ್ಕು ಹೋಯಿತು, ಸ್ಯಾನಿಟೈಸರ್ ಬಾಟಲಿ ಅಟ್ಟ ಸೇರಿತು, ವೆಬಿನಾರು ಮಾತ್ರ ಕಾಯಂ ಆಯಿತು. 2011ರಲ್ಲಿ ಹುಟ್ಟಿದ ಜೂಮ್ ಕಂಪನಿ 2020ರ ಏಪ್ರಿಲ್‌ನಲ್ಲಿ ತನಗೆ ದಿನಕ್ಕೆ 30 ಕೋಟಿ ಬಳಕೆದಾರರು ಎಂದು ಹೇಳಿಕೊಂಡು, ಕೆಲವೇ ದಿನಕ್ಕೆ ತಿದ್ದಿಕೊಂಡಿತು. ಅದು ಬಳಕೆದಾರರ ಲೆಕ್ಕ ಅಲ್ಲ, ಸಭೆಗಳ ಹಾಜರಿಯ ಲೆಕ್ಕವಂತೆ. ಒಬ್ಬನೇ ಆಸಾಮಿ ದಿನಕ್ಕೆ ಐದು ಸಭೆಗೆ ಹಾಜರಾದರೆ ಐದು. ಜಗತ್ತೆಲ್ಲ ಇದನ್ನು ಓದಿ ಹುಬ್ಬೇರಿಸಿತಾದರೂ ನಮ್ಮ ಕಾಲೇಜುಗಳು ಕಮಕ್ ಕಿಮಕ್ ಅನ್ನಲಿಲ್ಲ. ಎನ್ನೆಸ್ಸೆಸ್ಸಿನವರನ್ನೇ ಎನ್‌ಸಿಸಿಯಲ್ಲೂ, ಅವರನ್ನೇ ಸಾಂಸ್ಕೃತಿಕ ಸಂಘದಲ್ಲೂ ಎಣಿಸಿ ವರದಿ ಕಳಿಸುವ ವಿದ್ಯೆ ನಮಗೇನು ಹೊಸದೇ?

ಇರಲಿ, ತಯಾರಿಯಿಂದ ಶುರು ಮಾಡೋಣ. ತಯಾರಿ ಎಂದರೆ ನಮ್ಮಲ್ಲಿ ಪಿಪಿಟಿ. ‘ವಿಷಯ ಓದಿಕೊಂಡಿರಾ’ ಎಂದು ಯಾರೂ ಕೇಳುವುದಿಲ್ಲ, ‘ಪಿಪಿಟಿ ಆಯ್ತಾ ಸಾರ್’ ಎಂದು ಕೇಳುತ್ತಾರೆ. ಈ ಪವರ್‌ಪಾಯಿಂಟ್ 1987ರಲ್ಲಿ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಿಂದ ಬಂದದ್ದು. ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಎಂಬಿಬ್ಬರು ಅದರ ಜನಕರು. ಅದೇ ವರ್ಷ ಮೈಕ್ರೋಸಾಫ್ಟ್ 1 ಕೋಟಿ 40 ಲಕ್ಷ ಡಾಲರ್ ತೆತ್ತು ಆ ಕಂಪನಿಯನ್ನೇ ಕೊಂಡುಕೊಂಡಿತು. ಮಾತಾಡುವವನ ಹಿಂದೆ ನಾಲ್ಕು ಪದ, ಒಂದು ಚಿತ್ರ ಇರಲಿ ಎಂದು ಹುಟ್ಟಿದ ವಸ್ತು ಅದು. ನಮ್ಮ ಮೇಷ್ಟ್ರು ಅದರೊಳಕ್ಕೆ ತಮ್ಮ ಹಳದಿಗಟ್ಟಿದ ನೋಟ್ಸನ್ನು ಅಲ್ಪವಿರಾಮ ಸಮೇತ ಸುರಿದರು. ಮುಕ್ಕಾಲು ಗಂಟೆಯ ಮಾತಿಗೆ ಅರವತ್ತು ಸ್ಲೈಡು. ಒಂದೊಂದು ಅಕ್ಷರವೂ ಎಡಗಡೆಯಿಂದ ಹಾರಿಬಂದು, ಗಿರಕಿ ಹೊಡೆದು, ತನ್ನ ಜಾಗದಲ್ಲಿ ಕೂರುವವರೆಗೆ ಕೇಳುಗರು ಕಾಯಬೇಕು. ‘ಕುಮಾರವ್ಯಾಸನ ರೂಪಕಗಳು’ ಎಂಬ ಶೀರ್ಷಿಕೆ ಪೂರ್ತಿ ಇಳಿಯುವ ಹೊತ್ತಿಗೆ ಒಲೆ ಮೇಲಿನ ಹಾಲು ಇಳಿಸಿ ಬರಬಹುದು. ಕೊನೆಯ ಸ್ಲೈಡು ಯಾವುದೆಂದು ನಾನು ಹೇಳಬೇಕಾಗಿಲ್ಲ. ಕೆಂಪು ಗುಲಾಬಿ, ಅದರ ಪಕ್ಕ ‘ಧನ್ಯವಾದಗಳು’. ರಸಾಯನಶಾಸ್ತ್ರವಾದರೂ ಗುಲಾಬಿ, ವಾಣಿಜ್ಯಶಾಸ್ತ್ರವಾದರೂ ಗುಲಾಬಿಯೇ.

ಕನ್ನಡ ಮೇಷ್ಟ್ರಿಗೆ ಮಾತ್ರ ಇನ್ನೂ ಒಂದು ಕಂಟಕ ಇದೆ, ಅದು ಇಂಗ್ಲಿಷ್ ವಿಭಾಗದವರಿಗೆ ಗೊತ್ತೇ ಇಲ್ಲ. ಸಂಘಟಕರು ಹಿಂದಿನ ರಾತ್ರಿ ಫೋನ್ ಮಾಡಿ, ‘ಸಾರ್, ನಿಮ್ಮ ಕಡೆ ನೆಟ್ಟು ಹೆಂಗೋ ಏನೋ, ಪಿಪಿಟಿ ನಮಗೇ ಕಳಿಸಿಬಿಡಿ, ಇಲ್ಲಿಂದಲೇ ಓಡಿಸ್ತೀವಿ’ ಅನ್ನುತ್ತಾರೆ. ಮೇಷ್ಟ್ರು ಖುಷಿಯಾಗಿ ಕಳಿಸಿ ಮಲಗುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಸ್ಲೈಡು ತೆರೆದುಕೊಂಡರೆ, ಶಿವಶರಣೆಯರ ಮೇಲಿನ ಉಪನ್ಯಾಸಕ್ಕೆ ಬದಲು ತಲೆ ಮೇಲೆ ಟೋಪಿ, ಚುಕ್ಕೆ, ಕೊಂಬು ಹೊತ್ತ ರೋಮನ್ ಅಕ್ಷರಗಳ ಪಡೆ! ಅದು ಫ್ರೆಂಚೂ ಅಲ್ಲ, ಪೋರ್ಚುಗೀಸೂ ಅಲ್ಲ. ನೋಡುತ್ತಿದ್ದ ಪ್ರಾಂಶುಪಾಲರು ‘ಓಹೋ, ತೌಲನಿಕ ಅಧ್ಯಯನ ಇರಬೇಕು’ ಎಂದು ತಲೆಯಾಡಿಸುತ್ತಾರೆ.

ಆಗಿರುವುದು ಇಷ್ಟೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದಾಗ ಕಂಪ್ಯೂಟರಿನ ಹೊಟ್ಟೆಯಲ್ಲಿ ಶೇಖರವಾಗುವುದು ರೋಮನ್ ಅಕ್ಷರಗಳ ಸಂಕೇತವೇ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಒಳಗಿನವರು ಹೊರಗೆ ಬರುತ್ತಾರೆ. ಯೂನಿಕೋಡಿನಲ್ಲಿ ಈ ರಗಳೆಯೇ ಇಲ್ಲ, ಅಲ್ಲಿ ‘ಕ’ ಎಂದರೆ ಎಲ್ಲಿ ಹೋದರೂ ‘ಕ’. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟು ಜೊತೆಗೇ ಬಂದಿತ್ತು. ತುಂಗೆಯ ದಂಡೆಯಲ್ಲೇ ಕೂತ ಮೇಷ್ಟ್ರೂ ನುಡಿಯನ್ನು ಬಿಡಲೊಲ್ಲರು, ಏಕೆಂದರೆ ಕಚೇರಿಯ ಕ್ಲರ್ಕಿಗೆ ಬರುವುದು ಅದೇ ಕೀಲಿಮಣೆ ಎಂಬ ನಂಬಿಕೆ. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ, ಒಂದು ಆಯ್ಕೆ ಬದಲಿಸಿದರೆ ಬೆರಳು ಕಲಿತ ಕೀಲಿಗಳಲ್ಲೇ ಯೂನಿಕೋಡು ಮೂಡುತ್ತದೆ ಎಂದು ಹೇಳಿ ನೋಡಿ. ‘ಹೌದಾ, ನೋಡೋಣ’ ಅನ್ನುತ್ತಾರೆ. ‘ನೋಡೋಣ’ ಅಂದರೆ ನೋಡುವುದಿಲ್ಲ ಎಂದೇ. ಹೋಗಲಿ, ಕಳಿಸುವ ಮೊದಲು ಪಿಡಿಎಫ್ ಆದರೂ ಮಾಡಿ ಸ್ವಾಮಿ, ಅಕ್ಷರದ ರೂಪ ಕಡತದೊಳಗೇ ಸೇರಿಕೊಂಡು ಹೋಗುತ್ತದೆ. ಹಾರುವ ಅಕ್ಷರಗಳೂ ಅಲ್ಲಿಗೆ ನಿಲ್ಲುತ್ತವೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಇನ್ನು ಆಸನ. ಲ್ಯಾಪ್‌ಟಾಪನ್ನು ಬರೇ ಮೇಜಿನ ಮೇಲಿಟ್ಟುಕೊಂಡು ಕೂತರೆ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ವಿದ್ಯಾರ್ಥಿಗಳಿಗೆ ಕಾಣುವುದು ಎರಡು ಮೂಗಿನ ಹೊಳ್ಳೆ, ಅದರ ಮೇಲೆ ತಿರುಗುವ ಸೀಲಿಂಗ್ ಫ್ಯಾನು. ಕಿಟಕಿಗೆ ಬೆನ್ನು ಕೊಟ್ಟು ಕೂತರಂತೂ ಹಿಂದಿನ ಬೆಳಕಿಗೆ ಕ್ಯಾಮೆರಾ ಹೊಂದಿಕೊಂಡು ಮುಖ ಕಪ್ಪಾಗಿ, ಪೊಲೀಸರು ಗುರುತು ಮರೆಸಿ ಕೂರಿಸಿದ ಸಾಕ್ಷಿದಾರ ಹಳಗನ್ನಡ ಹೇಳುತ್ತಿರುವ ಹಾಗೆ ತೋರುತ್ತದೆ. ಆದ್ದರಿಂದ ಕಿಟಕಿ ಎದುರಿಗಿರಬೇಕು, ಕ್ಯಾಮೆರಾ ಕಣ್ಣಿನ ಮಟ್ಟಕ್ಕಿರಬೇಕು. ಮಟ್ಟಕ್ಕೆ ತರಲು ಏನಿದೆ? ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಿವೆ! ಆರು ಸಂಪುಟ ಬೆನ್ನ ಹಿಂದಿನ ಕಪಾಟಿನಲ್ಲಿ ಕ್ಯಾಮೆರಾಕ್ಕೆ ಕಾಣುವಂತೆ, ಎರಡು ಲ್ಯಾಪ್‌ಟಾಪಿನ ಅಡಿಗೆ. ಆ ಮನೆಯಲ್ಲಿ ನಿಘಂಟು ಇಷ್ಟು ನೇರವಾಗಿ ಬೋಧನೆಗೆ ಆಧಾರವಾದದ್ದು ಅದೇ ಮೊದಲು. ಮೇಲೆ ಇಸ್ತ್ರಿ ಶರ್ಟು, ಕೋಟು, ಕೆಳಗೆ ಪಂಚೆ. ಚಾರ್ಜರಿನ ಪಿನ್ನು ಸಡಿಲವಾಗಿ, ಎದ್ದು ಗೋಡೆಯವರೆಗೆ ಹೋಗಬೇಕಾಗಿ ಬಂದಾಗ ಮಾತ್ರ ಈ ವೇಷದ ಉತ್ತರಾರ್ಧ ಸಾರ್ವಜನಿಕರಿಗೆ ಲಭ್ಯ.

ಮನೆಯವರ ಸಂಗತಿ ಬೇರೆ. ಆನ್‌ಲೈನ್ ಉಪನ್ಯಾಸಕರ ಕುಲಗುರು ಎಂದು ನಾನು ಮನಸ್ಸಿನಲ್ಲೇ ನಮಿಸುವುದು ಪ್ರೊಫೆಸರ್ ರಾಬರ್ಟ್ ಕೆಲಿಯವರಿಗೆ. ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ರಾಜ್ಯಶಾಸ್ತ್ರ ಕಲಿಸುವವರು. 2017ರ ಮಾರ್ಚ್ 10ರಂದು ಆ ದೇಶದ ಅಧ್ಯಕ್ಷೆ ಅಧಿಕಾರ ಕಳೆದುಕೊಂಡ ಬಗ್ಗೆ ಮನೆಯಿಂದಲೇ ಬಿಬಿಸಿಯಲ್ಲಿ ನೇರಪ್ರಸಾರದಲ್ಲಿ ಮಾತಾಡುತ್ತಿದ್ದರು. ಹಿಂದಿನ ಬಾಗಿಲು ತೆರೆಯಿತು. ಹಳದಿ ಅಂಗಿಯ ಪುಟ್ಟ ಮಗಳು ತೋಳು ಬೀಸುತ್ತಾ ಠೀವಿಯಿಂದ ಒಳಗೆ ಬಂದಳು. ಅವಳ ಬೆನ್ನಿಗೇ ಗಾಲಿಯ ವಾಕರಿನಲ್ಲಿ ತಮ್ಮ. ಆಮೇಲೆ ತಾಯಿ ಜಾರುತ್ತಾ ಓಡಿಬಂದು, ಇಬ್ಬರನ್ನೂ ಎಳೆದುಕೊಂಡು ಹೋಗಿ, ಕೊನೆಗೆ ಮೊಣಕಾಲೂರಿ ಬಾಗಿಲು ಎಳೆದುಕೊಂಡರು. ಪ್ರೊಫೆಸರರು ಕ್ಯಾಮೆರಾದಿಂದ ಕಣ್ಣು ತೆಗೆಯದೆ ‘ಕ್ಷಮಿಸಿ’ ಅನ್ನುತ್ತಲೇ ಇದ್ದರು. ಅಷ್ಟು ಪಂಡಿತರಾದರೂ ಅವತ್ತು ಚಿಲಕ ಹಾಕುವುದನ್ನು ಮರೆತಿದ್ದರಂತೆ. ಆ ದಿನ ಅವರು ಹೇಳಿದ ರಾಜಕೀಯ ವಿಶ್ಲೇಷಣೆ ಯಾರಿಗಾದರೂ ನೆನಪಿದೆಯೇ? ನಮ್ಮ ಕಡೆ ಚಿಲಕ ಹಾಕಿದರೂ ಪೂರ್ತಿ ಕ್ಷೇಮ ಅಲ್ಲ ಅನ್ನಿ. ಕುಕ್ಕರಿನ ಸೀಟಿಗೆ, ಪಕ್ಕದ ಮನೆಯ ಮಿಕ್ಸಿಗೆ, ‘ಹಳೇ ಪೇಪರ್ ಖಾಲಿ ಸೀಸೆ’ಗೆ ಯಾವ ಚಿಲಕ?

ಸಾಲ ತಂದ ಕಂಪ್ಯೂಟರಿನ ವಿಷಯದಲ್ಲೂ ಎಚ್ಚರ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಒಬ್ಬ ವಕೀಲರು ಕಚೇರಿಯ ಸಹಾಯಕಿಯ ಕಂಪ್ಯೂಟರಿನಿಂದ ಆನ್‌ಲೈನ್ ವಿಚಾರಣೆಗೆ ಹಾಜರಾದಾಗ ನ್ಯಾಯಾಧೀಶರಿಗೆ ಕಂಡದ್ದು ಗಾಬರಿಯಿಂದ ಕಣ್ಣು ಹೊರಳಿಸುವ ಬಿಳಿ ಬೆಕ್ಕಿನ ಮರಿ. ತಾನು ಬೆಕ್ಕಲ್ಲ ಎಂದು ನ್ಯಾಯಾಲಯಕ್ಕೆ ನಿವೇದಿಸಿಕೊಳ್ಳಬೇಕಾಯಿತು. ಮಗಳ ಟ್ಯಾಬ್ ಇಸಿದುಕೊಂಡು ಛಂದಸ್ಸು ಹೇಳಲು ಹೊರಟವರು ಮೊದಲು ಕಿವಿ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಈಗ ಸಭೆಗೆ ಬನ್ನಿ. ಬೇರೆ ದೇಶದವರು ‘ನಮಸ್ಕಾರ, ಇವತ್ತಿನ ವಿಷಯ ಇದು’ ಎಂದು ನೇರ ಶುರು ಹಚ್ಚಿಕೊಳ್ಳುತ್ತಾರಂತೆ. ಎಂಥ ಸಂಸ್ಕಾರಹೀನ ಪದ್ಧತಿ! ನಮ್ಮಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವಿಕೆ, ಉದ್ಘಾಟನಾ ನುಡಿ, ಅತಿಥಿ ಪರಿಚಯ. ವೇದಿಕೆಯೇ ಇಲ್ಲದ ಕಾರ್ಯಕ್ರಮದಲ್ಲಿ ‘ವೇದಿಕೆಯ ಮೇಲಿರುವ ಗಣ್ಯರೇ’ ಎಂದು ಕರೆಯುತ್ತಾರೆ. ಗಣ್ಯರು ತಮ್ಮ ತಮ್ಮ ಚೌಕದೊಳಗಿಂದ ಕೈಮುಗಿಯುತ್ತಾರೆ. ದೀಪವನ್ನು ಪ್ರಾಂಶುಪಾಲರು ತಮ್ಮ ಮನೆಯಲ್ಲೇ ಬೆಳಗುತ್ತಾರೆ. ಕ್ಯಾಮೆರಾವನ್ನು ದೀಪದ ಕಡೆ ತಿರುಗಿಸಬೇಕಾದ ಮಗ ಅಪ್ಪನ ಮೊಣಕೈ ತೋರಿಸುತ್ತಾನೆ. ಉಳಿದವರೆಲ್ಲ ಒಬ್ಬೊಬ್ಬರಾಗಿ ಚಪ್ಪಾಳೆಯ ಚಿತ್ರ ಒತ್ತುತ್ತಾರೆ.

ಪ್ರಾರ್ಥನೆಯದಂತೂ ಪಾಪ ಅನ್ನಿಸುತ್ತದೆ. ಸಂಗೀತ ಬಲ್ಲ ಹುಡುಗಿ ಶ್ರುತಿಪೆಟ್ಟಿಗೆ ಹಚ್ಚಿಕೊಂಡು ಮನಸ್ಸಿಟ್ಟು ಹಾಡುತ್ತಾಳೆ. ಆದರೆ ಈ ಆ್ಯಪುಗಳಲ್ಲಿ ಹಿನ್ನೆಲೆ ಸದ್ದು ಅಳಿಸುವ ಒಂದು ಜಾಣತನ ಇದೆ. ಒಂದೇ ಸಮನೆ ಮೊಳಗುವ ಯಾವ ನಾದವೂ ಅದಕ್ಕೆ ಫ್ಯಾನಿನ ಸದ್ದೇ. ಹಾಗಾಗಿ ಷಡ್ಜ ಪಂಚಮಗಳನ್ನು ಗುಡಿಸಿ ಹೊರಗೆ ಹಾಕುತ್ತದೆ. ಜೊತೆಗೆ ಎಳೆದ ಸ್ವರವನ್ನೂ ನಡುನಡುವೆ ನುಂಗುತ್ತದೆ. ‘ಗಜಮುಖನೇ’ ಎಂಬುದು ‘ಗಜ… ಖ… ಏ’ ಎಂದು ತಲುಪುತ್ತದೆ. ಜೂಮ್‌ನಲ್ಲಿ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಎಂಬ ಗುಂಡಿ ಇಟ್ಟಿದ್ದಾರೆ. ಅದನ್ನು ಒತ್ತಬೇಕು ಎಂದು ಆ ಹುಡುಗಿಗೆ ಹೇಳಬೇಕಾದ ಸಂಚಾಲಕರು ಅದೇ ಹೊತ್ತಿನಲ್ಲಿ ‘ಜಾಯಿನ್ ಆಗಕ್ಕೆ ಆಗ್ತಿಲ್ಲ’ ಎಂಬ ಹದಿನಾರು ಫೋನುಗಳಿಗೆ ಉತ್ತರಿಸುತ್ತಿರುತ್ತಾರೆ.

ಅತಿಥಿ ಪರಿಚಯ ಅವರ ಪಿಯುಸಿ ಅಂಕಪಟ್ಟಿ ದಾಟಿ ಎಂ.ಫಿಲ್. ಹತ್ತಿರ ಬರುವಾಗ ಪರದೆಯ ಮೇಲೊಂದು ಎಚ್ಚರಿಕೆ ಮೂಡುತ್ತದೆ. ಉಚಿತ ಖಾತೆಗೆ ಕೊಟ್ಟ 40 ನಿಮಿಷ ಮುಗಿಯುತ್ತಾ ಬಂತು. ಜೂಮ್ ಮಾಡಿದ ಎಂಜಿನಿಯರುಗಳು ಕರ್ನಾಟಕದ ಒಂದೇ ಒಂದು ಸಭೆ ನೋಡಿದ್ದರೂ ಮೊದಲ 40 ನಿಮಿಷವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎಲ್ಲರೂ ಹೊರಗೆ ಬಿದ್ದು, ಮತ್ತೆ ಲಿಂಕ್ ಒತ್ತಿ ಒಳಗೆ ಬರುವಷ್ಟರಲ್ಲಿ ಕಾಲು ಭಾಗ ಜನ ‘ಮುಗೀತು’ ಎಂದುಕೊಂಡು ಊಟಕ್ಕೆ ಎದ್ದಾಗಿರುತ್ತದೆ. ಇಂಥದ್ದನ್ನು ‘ರಾಷ್ಟ್ರೀಯ ವೆಬಿನಾರ್’ ಅನ್ನುತ್ತಾರೆ. ಯಾರದಾದರೂ ಭಾಮೈದ ಮಸ್ಕತ್‌ನಿಂದ ಸೇರಿಕೊಂಡನೋ, ಬ್ಯಾನರಿಗೆ ‘ಅಂತರ’ ಸೇರಿಸುತ್ತಾರೆ.

ಅಂತೂ ಮೇಷ್ಟ್ರು ಮಾತಿಗೆ ಇಳಿದರು. ಎದುರಿಗೆ ಮುಖಗಳಿಲ್ಲ, ಕಪ್ಪು ಚೌಕಗಳು. ಅದರ ಮೇಲೆ ಹೆಸರು: ‘ರೆಡ್ಮಿ ನೋಟ್ 8’, ‘ಅಮ್ಮ’, ‘ಕಿಂಗ್ ಮಂಜ’, ‘ಶ್ರೀ ಗಣೇಶ ಸ್ಟೋರ್ಸ್’. ಹಾಜರಿ ಕೂಗುವುದು ಹೇಗೆ? ‘ಗಣೇಶ ಸ್ಟೋರ್ಸ್, ಅಸೈನ್‌ಮೆಂಟ್ ಕೊಟ್ಟೆಯೇನಪ್ಪಾ?’ ಕಾಣುವ ಒಂದೇ ಮುಖ ತಮ್ಮದು. ಅದೂ ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲುಬದಲು. ಬೋರ್ಡಿನ ಮೇಲೆ ಬರೆದದ್ದು ತಮಗೆ ತಿರುಗುಮುರುಗಾಗಿ ಕಂಡು, ಹುಡುಗರಿಗೂ ಹಾಗೇ ಕಾಣುತ್ತದೆಂದು ಹೆದರಿ, ಬಲದಿಂದ ಎಡಕ್ಕೆ ಕನ್ನಡ ಬರೆಯಲು ಯತ್ನಿಸಿದ ಮಹನೀಯರನ್ನು ಕಂಡಿದ್ದೇನೆ. ಹುಡುಗರಿಗೆ ಸರಿಯಾಗಿಯೇ ಕಾಣುತ್ತಿತ್ತು, ಮಹನೀಯರು ತಿದ್ದುವವರೆಗೆ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಈ ವಿಡಿಯೋ ಸಭೆಗಳ ಸುಸ್ತಿಗೆ ನಾಲ್ಕು ಕಾರಣ ಪಟ್ಟಿ ಮಾಡಿದಾಗ, ಹೊತ್ತಿಡೀ ತನ್ನ ಮುಖವನ್ನು ತಾನೇ ನೋಡಿಕೊಂಡಿರುವುದನ್ನೂ ಅದರಲ್ಲಿ ಸೇರಿಸಿದರು. ನಮ್ಮ ಕೆಲವು ಮೇಷ್ಟ್ರಿಗೆ ಅದು ಸುಸ್ತೇ ಅಲ್ಲ, ಅದೇ ಆಕರ್ಷಣೆ. ಆಗಾಗ ಮೀಸೆ ತೀಡಿಕೊಳ್ಳುತ್ತಾ ಮಾತಾಡುತ್ತಾರೆ. ಉಳಿದವರು ತಮ್ಮ ಚೌಕವನ್ನು ಮರೆಮಾಡುವ ಆಯ್ಕೆ ಒತ್ತಿಕೊಂಡರೆ ಸಂಜೆಗೆ ತಲೆನೋವು ಕಡಿಮೆ.

ತರಗತಿಯಲ್ಲಿ ನಮಗೊಂದು ಭದ್ರವಾದ ಆಸರೆ ಇತ್ತು, ಹಿಮ್ಮೇಳ. ‘ಅರ್ಥವಾಯ್ತಾ?’ ಅಂದರೆ ಅರವತ್ತು ಗಂಟಲು ಒಟ್ಟಿಗೆ ‘ಆಯ್ತು ಸಾ…ರ್’. ಅರ್ಥವಾಗಿರುತ್ತಿರಲಿಲ್ಲ, ಅದು ಬೇರೆ ಮಾತು, ತಾಳ ಇರುತ್ತಿತ್ತು. ಆನ್‌ಲೈನಿನಲ್ಲಿ ಆ ತಾಳ ಮುರಿದುಬಿತ್ತು. ಒಬ್ಬೊಬ್ಬನ ದನಿ ಒಂದೊಂದು ವೇಗದಲ್ಲಿ ತಲುಪುತ್ತದೆ, ಮೇಲಾಗಿ ಒಮ್ಮೆಗೇ ಹಲವರು ಕೂಗಿದರೆ ಆ್ಯಪು ಒಂದಿಬ್ಬರನ್ನು ಬಿಟ್ಟು ಉಳಿದವರ ಬಾಯಿ ಒತ್ತುತ್ತದೆ. ಮಾತು ಈ ತುದಿಯಿಂದ ಆ ತುದಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಲೀಸು ಎಂದು ದೂರಸಂಪರ್ಕದವರ ಲೆಕ್ಕ. ಮಲೆನಾಡಿನ ಮಳೆಗಾಲದಲ್ಲಿ ಆ ಲೆಕ್ಕ ಹೇಳಲು ಹೋಗಬೇಡಿ. ಹದಿನೇಳರ ಮಗ್ಗಿಯನ್ನು ಒಟ್ಟಿಗೆ ಹೇಳಿಸಲು ಹೋದ ಪ್ರೈಮರಿ ಶಾಲೆಯ ಅಕ್ಕೋರಿಗೆ ‘ಹದಿನೇಳೈದ್ಲಿ’ ಇನ್ನೂ ಬಾರದಿರುವಾಗಲೇ ಇನ್ನೊಂದು ಮೂಲೆಯಿಂದ ‘ನೂರ ಎಪ್ಪತ್ತು’ ಬಂತು.

ಹಾಗಾಗಿ ಮೇಷ್ಟ್ರು ಐದೈದು ನಿಮಿಷಕ್ಕೆ ಕೇಳುತ್ತಾರೆ: ‘ಕೇಳಿಸ್ತಾ ಇದೆಯಾ? ಕಾಣಿಸ್ತಾ ಇದೆಯಾ?’ ಇದನ್ನು ಎಲ್ಲರೂ ಗೇಲಿ ಮಾಡುತ್ತಾರೆ. ನಾನು ಮಾಡುವುದಿಲ್ಲ. ಹಿಂದಿನ ಬೆಂಚಿನವನಿಗೆ ಮೂವತ್ತು ವರ್ಷದಿಂದ ಏನೂ ಕೇಳಿಸುತ್ತಿರಲಿಲ್ಲ, ಬೋರ್ಡಿನ ಕೆಳಗಿನ ಸಾಲು ಕಾಣಿಸುತ್ತಲೂ ಇರಲಿಲ್ಲ, ಯಾವ ಮೇಷ್ಟ್ರೂ ಅವನನ್ನು ಕೇಳಿದ್ದಿಲ್ಲ. ಒಂದು ಜುಜುಬಿ ಸಾಫ್ಟ್‌ವೇರು ಬಂದು ಆ ಪ್ರಶ್ನೆಯನ್ನು ನಮ್ಮ ಬಾಯಿಂದ ಹೊರಡಿಸಿತು. ಇನ್ನೂ ಸೋಜಿಗ ಎಂದರೆ, ತರಗತಿಯಲ್ಲಿ ಎದ್ದು ನಿಂತರೆ ಕಾಲು ನಡುಗುತ್ತಿದ್ದ ಹುಡುಗಿ ಚಾಟ್ ಬಾಕ್ಸಿನಲ್ಲಿ ‘ಸರ್ ಎರಡನೇ ಲೆಕ್ಕದಲ್ಲಿ ಮೈನಸ್ ಬರಬೇಕಲ್ವಾ’ ಎಂದು ಬರೆಯುತ್ತಾಳೆ. ಅದು ಬರಬೇಕಾದದ್ದು ನಿಜವೇ. ಮೇಷ್ಟ್ರು ‘ನೋಡ್ತಾ ಇದ್ದೆ ಯಾರು ಹೇಳ್ತೀರಾಂತ’ ಎಂದು ಹಳೆಯ ವರಸೆ ತೆಗೆಯುತ್ತಾರೆ.

ಗೇಲಿ ಮಾಡಬಾರದ್ದು ಇನ್ನೊಂದಿದೆ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನಿಂದ ಒಂದು ಫೋಟೊ ಬಂತು. ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಅರವತ್ತು ಸ್ಲೈಡಿನ ಮೇಷ್ಟ್ರು ಆ ಕೊಡೆಯ ಕೆಳಗೊಮ್ಮೆ ಕೂತು ತಮ್ಮ ಹಾರುವ ಅಕ್ಷರಗಳನ್ನು ನೋಡಬೇಕಿತ್ತು. ವಿಡಿಯೋ ಆಫ್ ಮಾಡಿ ದನಿಯಷ್ಟನ್ನೇ ಕಳಿಸಿದರೆ ಡಾಟಾ ಖರ್ಚು ಎಷ್ಟೋ ಕಡಿಮೆ, ನೆಟ್ಟು ಬಡವಾದ ಕಡೆಗೂ ಮುಟ್ಟುತ್ತದೆ. ಆದರೆ ಕೋಟು ಹಾಕಿಕೊಂಡವರಿಗೆ ವಿಡಿಯೋ ಆಫ್ ಮಾಡಿ ಅನ್ನುವುದು ಹೇಗೆ?

ಬಲ್ಲವರು ಏನು ಮಾಡುತ್ತಾರೆ ಅಂದಿರಾ? ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡು ವಿದ್ಯಾರ್ಥಿಯಾಗಿ ತಾವೇ ಸೇರಿಕೊಳ್ಳುತ್ತಾರೆ, ಎದುರಿನವರಿಗೆ ಏನು ಕಾಣುತ್ತಿದೆ ಎಂದು ಅಲ್ಲೇ ತಿಳಿಯುತ್ತದೆ. ಅದರ ಮೈಕು, ಸ್ಪೀಕರು ಎರಡನ್ನೂ ಮುಚ್ಚಿರಬೇಕು, ಇಲ್ಲದಿದ್ದರೆ ಒಂದರ ಸ್ಪೀಕರಿನ ದನಿಯನ್ನು ಇನ್ನೊಂದರ ಮೈಕು ಹಿಡಿದು, ಸುತ್ತಿ ಸುತ್ತಿ ಊಳಿಡುತ್ತದೆ. ವಾಟ್ಸ್‌ಆ್ಯಪ್ ಮುಚ್ಚುತ್ತಾರೆ. ಮುಚ್ಚದಿದ್ದರೆ ಸ್ಕ್ರೀನ್ ಶೇರ್ ಆಗಿರುವಾಗಲೇ ‘ಬರ್ತಾ ಅರ್ಧ ಕೆಜಿ ಹುರುಳಿಕಾಯಿ’ ಎಂಬ ಸಂದೇಶ ಅದ್ವೈತ ಸಿದ್ಧಾಂತದ ಬಲಮೂಲೆಯಲ್ಲಿ ಮೂಡುತ್ತದೆ. ಕರೆಂಟು ಹೋದರೆ ಸಭೆ ನಡೆಸಿಕೊಂಡು ಹೋಗಲು ಬೇರೆ ಊರಿನ ಒಬ್ಬರನ್ನು ಕೋ-ಹೋಸ್ಟ್ ಮಾಡಿಟ್ಟಿರುತ್ತಾರೆ. ಒಂದೇ ಫೀಡರಿನ ಪಕ್ಕದ ಮನೆಯವರನ್ನು ಮಾಡಿಟ್ಟು ಪ್ರಯೋಜನವಿಲ್ಲ.

ಕೊನೆಗೆ ಉಳಿಯುವುದು ಸರ್ಟಿಫಿಕೇಟು. ಇ-ಪ್ರಮಾಣಪತ್ರ ಬೇಕಾದರೆ ಅಭಿಪ್ರಾಯದ ಗೂಗಲ್ ಫಾರಂ ತುಂಬಬೇಕು, ಅದನ್ನು ವಂದನಾರ್ಪಣೆ ಆದ ಮೇಲಷ್ಟೇ ಕೊಡುತ್ತೇವೆ ಎಂಬುದು ಸಂಘಟಕರ ಪಟ್ಟು. ಆದರೆ ಆ ಲಿಂಕು ಬೆಳಿಗ್ಗೆಯೇ ಯಾವುದೋ ಅಧ್ಯಾಪಕರ ಗುಂಪಿಗೆ ಸೋರಿರುತ್ತದೆ. ಫಾರಮ್ಮಿನಲ್ಲಿ ಪ್ರತಿ ಉತ್ತರದ ಪಕ್ಕ ಅದು ಬಂದ ಸಮಯ ತಾನಾಗಿ ದಾಖಲಾಗುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಹನ್ನೊಂದಕ್ಕೆ ಶುರುವಾದ ಉಪನ್ಯಾಸಕ್ಕೆ ‘ಅತ್ಯಂತ ಮನಮುಟ್ಟುವಂತಿತ್ತು’ ಎಂಬ ಪ್ರತಿಕ್ರಿಯೆ ಒಂಬತ್ತೂಮುಕ್ಕಾಲಿಗೇ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿಯ ಸಂಯೋಜಕರು ಆ ಪಟ್ಟಿಯನ್ನು ನ್ಯಾಕ್ ಮೌಲ್ಯಮಾಪನದ ಕಡತಕ್ಕೆಂದು ಪ್ರಿಂಟ್ ತೆಗೆಸುವಾಗ ಸಮಯದ ಅಂಕಣವನ್ನು ಜಾಣತನದಿಂದ ಅಳಿಸಿದರು. ‘ಸಲಹೆಗಳು’ ಎಂಬ ಅಂಕಣವನ್ನು ಹಾಗೇ ಬಿಟ್ಟರು. ನೂರಾರು ‘ಗುಡ್’, ‘ವೆರಿ ಗುಡ್’, ‘ನಿಲ್’ಗಳ ನಡುವೆ ಹನ್ನೊಂದೂಕಾಲಿಗೆ ಯಾರೋ ಪಾಪದವರು ಬರೆದದ್ದು ಈಗಲೂ ಕಡತದಲ್ಲಿದೆ: ‘ಸರ್, ಆಗಿನಿಂದ ಹೇಳ್ತಿದ್ದೀವಿ, ನೀವು ಮ್ಯೂಟ್‌ನಲ್ಲಿದ್ದೀರಿ.’